ಆಲದ ಬೀಜಕ್ಕೆ ಯಾಕಿಷ್ಟು ಅಸಡ್ಡೆ?

ಬೋನ್ಸಾಯ್ ಕಲಿಸುವ ಕಡೆಯಲ್ಲೆಲ್ಲ ಮೊದಲ ದಿನವೇ ಕಿವಿಗೆ ಬೀಳುವ ಉಪದೇಶವೊಂದಿದೆ. ಆಲ, ಅರಳಿ, ಅತ್ತಿ, ಬಸರಿ, ಗೋಣಿ, ಈ ಫೈಕಸ್ ಕುಲದ ಯಾವ ಮರವನ್ನೂ ಬೀಜ ಹಾಕಿ ಬೆಳೆಸಲು ಹೋಗಬೇಡಿ. ಮೊಳೆಯುವುದಿಲ್ಲ, ಮೊಳೆತರೆ ಉಳಿಯುವುದಿಲ್ಲ, ಉಳಿದರೂ ನಿಮ್ಮ ಕಾಲಕ್ಕೆ ಅದು ಮರದಂತೆ ಕಾಣುವುದಿಲ್ಲ. ಒಂದು ದಪ್ಪ ಕೊಂಬೆ ಕಡಿದು ನೆಡಿ, ಇಲ್ಲವೇ ಗೂಟಿ ಕಟ್ಟಿ, ಅದೂ ರಗಳೆ ಎನಿಸಿದರೆ ನರ್ಸರಿಯಿಂದ ತಯಾರಾದ ಫೈಕಸ್ ತಂದು ತಂತಿ ಸುತ್ತಿ. ಬೀಜದ ಸಹವಾಸವೇನಿದ್ದರೂ ಮೊಮ್ಮಕ್ಕಳಿಗಾಗಿ ಬೋನ್ಸಾಯ್ ಮಾಡುವವರಿಗೆ.

ಹೀಗೆ ಹೇಳುವವರು ಹೊಸಬರಲ್ಲ. ಇಪ್ಪತ್ತು, ಮೂವತ್ತು ವರ್ಷ ಕತ್ತರಿ ಹಿಡಿದು ಕೈ ಪಳಗಿದವರು. ಮಾತು ಬೇರೂರಿದ್ದು ಅದರಿಂದಲೇ. ಆದರೆ ಅವರನ್ನು ಕೂರಿಸಿಕೊಂಡು, ‘ಸ್ವಾಮಿ, ನೀವು ಯಾವತ್ತಾದರೂ ಆಲದ ಬೀಜ ಬಿತ್ತಿ ನೋಡಿದ್ದೀರಾ?’ ಎಂದು ಕೇಳಿ. ಹೆಚ್ಚಿನವರು ಬಿತ್ತಿಲ್ಲ. ಅವರ ಗುರುಗಳು ಬೇಡ ಎಂದಿದ್ದರು, ಗುರುಗಳ ಕೈಯಲ್ಲಿದ್ದ ಪುಸ್ತಕವೂ ಬೇಡ ಎಂದಿತ್ತು. ಅಪ್ಪ ಹಾಕಿದ ಆಲದ ಮರಕ್ಕೆ ಜೋತುಬೀಳುವುದು ಎನ್ನುತ್ತಾರಲ್ಲ, ಅಂಥದೇ ಕಥೆ.

ಈ ಉಪದೇಶ ತಪ್ಪು ಎಂಬುದು ನನ್ನ ವಾದ. ಪೈನ್ ಮರದ ಬಗ್ಗೆ, ಹಣ್ಣಿನ ತೋಟದ ಬಗ್ಗೆ, ಬೇರೆ ಹವೆಯ ದೇಶಗಳ ಬಗ್ಗೆ ಆಡಿದ ಮಾತುಗಳನ್ನೆಲ್ಲ ಒಟ್ಟು ಹಾಕಿ ನಮ್ಮ ಆಲ, ಅರಳಿಗಳ ತಲೆಗೆ ಕಟ್ಟಿದ್ದೇವೆ.

‘ಮೊಳೆಯುವುದಿಲ್ಲ’ ಎಂಬ ಮಾತಿಗೆ ಉತ್ತರ ಹುಡುಕಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ಬೆಂಗಳೂರಿನ ಯಾವುದೇ ಹಳೆಯ ಬಡಾವಣೆಯಲ್ಲಿ ತಲೆಯೆತ್ತಿ ನಡೆದರೆ ಸಾಕು. ಗಾರೆ ಬಿಟ್ಟ ಕಾಂಪೌಂಡಿನಲ್ಲಿ, ಫ್ಲೈಓವರ್ ಕಂಬದ ಸಂದಿನಲ್ಲಿ, ಮಳೆನೀರಿನ ಪೈಪು ಗೋಡೆಗೆ ಸೇರುವ ಕಡೆ, ನೀರು ಜಿನುಗುವ ಟ್ಯಾಂಕಿನ ಬುಡದಲ್ಲಿ ಅರಳಿಯೋ ಗೋಣಿಯೋ ತಲೆಹಾಕಿರುತ್ತದೆ. ಮೇಸ್ತ್ರಿ ಬಂದು ಕಿತ್ತು, ಬೇರಿಗೆ ಆ್ಯಸಿಡ್ ಸುರಿದು, ಸಿಮೆಂಟ್ ಮೆತ್ತಿ ಹೋಗುತ್ತಾನೆ. ಎರಡು ಮಳೆ ಕಳೆಯುವಷ್ಟರಲ್ಲಿ ಅದು ಸಿಮೆಂಟನ್ನೇ ಸೀಳಿ ಚಿಗುರಿರುತ್ತದೆ. ಇಷ್ಟು ಹಟಮಾರಿ ಬೀಜವನ್ನು ‘ಮೊಳೆಯದ ಬೀಜ’ ಎಂದು ಕರೆಯಲು ಧೈರ್ಯ ಬೇಕು.

ಇಲ್ಲಿ ಒಂದು ಜಾಣ ಉತ್ತರ ಸಿದ್ಧವಿರುತ್ತದೆ: ‘ಅದು ಕಾಗೆ ತಿಂದು ಹಾಕಿದ ಬೀಜ. ಹಕ್ಕಿಯ ಹೊಟ್ಟೆ ಹೊಕ್ಕು ಬಂದರೇನೇ ಅರಳಿ ಮೊಳೆಯೋದು.’ ಹಳ್ಳಿಯ ಅಜ್ಜಿಯಿಂದ ಹಿಡಿದು ತೋಟಗಾರಿಕೆ ಓದಿದವರವರೆಗೆ ಇದನ್ನು ನಂಬಿದವರು ಬಹಳ. ಹಕ್ಕಿಗಳ ಉಪಕಾರ ದೊಡ್ಡದು, ಸಂದೇಹವಿಲ್ಲ. ಕುಟ್ರುಹಕ್ಕಿ, ಮೈನಾ, ಪಿಕಳಾರ, ಕೋಗಿಲೆ, ರಾತ್ರಿಯಾದರೆ ಬಾವಲಿ, ಇವೆಲ್ಲ ಹಣ್ಣು ತಿಂದು ಬೀಜವನ್ನು ತಿರುಳಿನಿಂದ ಬಿಡಿಸುತ್ತವೆ, ದೂರ ಒಯ್ಯುತ್ತವೆ, ಎತ್ತರದಲ್ಲಿ ಬೆಳಕಿರುವ ಕಡೆ ಉದುರಿಸುತ್ತವೆ. ಆದರೆ ಹೊಟ್ಟೆಯೊಳಗಿನ ರಸಕ್ಕೆ ಸಿಗದಿದ್ದರೆ ಬೀಜ ಎಚ್ಚರಗೊಳ್ಳುವುದಿಲ್ಲ ಎಂಬುದು ಸುಳ್ಳು. ತಿರುಳನ್ನು ಕೈಯಿಂದ ತೊಳೆದು, ತೇವ ಮತ್ತು ಬೆಳಕು ಕೊಟ್ಟರೆ ಬೀಜ ತಾನಾಗಿ ಮೊಳೆಯುತ್ತದೆ.

ತೊಳೆಯುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಬಿತ್ತಿ ಸೋತೆವು ಎನ್ನುವ ಕೆಲವರೂ ಇಲ್ಲೇ ಎಡವಿರುತ್ತಾರೆ. ಮರದಡಿ ಬಿದ್ದ, ಮೆತ್ತಗಾದ, ಹಕ್ಕಿ ಕುಕ್ಕಿದ ಹಣ್ಣುಗಳನ್ನೇ ಆರಿಸಬೇಕು. ಕೊಂಬೆಯ ಮೇಲೆ ಗಟ್ಟಿಯಾಗಿರುವುದನ್ನು ಕಿತ್ತರೆ ಪ್ರಯೋಜನವಿಲ್ಲ. ಒಂದು ಬಟ್ಟಲು ನೀರಿನಲ್ಲಿ ಹಣ್ಣನ್ನು ಹಿಸುಕಿ ಬಿಟ್ಟರೆ ನೀರು ಕಂದಾಗುತ್ತದೆ. ತಿರುಳು, ಸತ್ತ ಕಣಜ, ಕಣಜ ಮರಿಯಾಗಿ ಹೊರಬಿದ್ದ ಟೊಳ್ಳು ಕಾಳುಗಳು ಮೇಲೆ ತೇಲುತ್ತವೆ. ಅದನ್ನು ಚೆಲ್ಲಿ ಮತ್ತೆ ನೀರು ಹಾಕಿ, ಮತ್ತೆ ಚೆಲ್ಲಿ. ಕೊನೆಗೆ ಬಟ್ಟಲಿನ ತಳದಲ್ಲಿ ಗಸಗಸೆಗಿಂತ ತುಸು ದೊಡ್ಡದಾದ, ನಸುಹಳದಿ ಕಾಳುಗಳು ಉಳಿಯುತ್ತವೆ. ಅವೇ ಬೀಜ. ಜರಡಿ ಹಿಡಿದ ಇಟ್ಟಿಗೆ ಪುಡಿ ಮತ್ತು ಕೋಕೋಪೀಟ್ ಬೆರೆಸಿದ ತಟ್ಟೆಯ ಮೇಲೆ ಅವನ್ನು ಉದುರಿಸಬೇಕು. ಮಣ್ಣು ಮುಚ್ಚಬಾರದು. ಮೊಳೆಯಲು ಬೆಳಕು ಬೇಕು. ಮುಚ್ಚಿದ ಬೀಜ ಸುಮ್ಮನೆ ಮಲಗಿರುತ್ತದೆ, ಬಿತ್ತಿದವರು ‘ನೋಡಿ, ಹೇಳಲಿಲ್ಲವೇ’ ಎನ್ನುತ್ತಾರೆ. ಮೇಲಿನಿಂದ ನೀರು ಹುಯ್ಯದೆ ತಟ್ಟೆಯನ್ನು ನೀರಿನಲ್ಲಿಟ್ಟು ತಳದಿಂದ ಹೀರಿಸಬೇಕು, ಮೇಲೊಂದು ಗಾಜೋ ಪಾಲಿಥೀನೋ ಹೊದಿಸಬೇಕು. ಬೇಸಿಗೆಯ ಕೊನೆಯ ಬಿಸುಪಿನಲ್ಲಿ ಒಂದರಿಂದ ಮೂರು ವಾರದೊಳಗೆ ತಟ್ಟೆಯ ತುಂಬ ಹಸಿರು ಚುಕ್ಕಿ ಕಾಣುತ್ತದೆ. ಆಮೇಲಿನ ಶತ್ರು ಬೂಜು. ಗಾಳಿಯಾಡಲು ಬಿಡದಿದ್ದರೆ ಒಂದೇ ರಾತ್ರಿಯಲ್ಲಿ ಅರ್ಧ ತಟ್ಟೆ ಮಲಗಿಬಿಡುತ್ತದೆ. ಹಾಗಾದರೂ ಉಳಿದರ್ಧ ನಮಗೆ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ.

ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ಕೆಟ್ಟ ಹೆಸರು ಹೇಗೆ ಬಂತು? ಅದಕ್ಕೆ ಕಣಜದ ಕಥೆ ತಿಳಿದಿರಬೇಕು.

ಆಲ, ಅತ್ತಿಗಳ ಹೂವು ಹೊರಗೆ ಕಾಣುವುದಿಲ್ಲ. ನಾವು ಕಾಯಿ ಎನ್ನುವುದು ಒಳಮುಖವಾಗಿ ಮಡಚಿಕೊಂಡ ಹೂಗೊಂಚಲು. ಅದರ ತುದಿಯ ಸಣ್ಣ ಬಾಯಿಂದ ನುಸುಳಿ ಒಳಹೋಗಿ ಪರಾಗಸ್ಪರ್ಶ ಮಾಡುವ ಪುಟ್ಟ ಕಣಜಗಳಿವೆ. ಬಹುಮಟ್ಟಿಗೆ ಒಂದೊಂದು ಜಾತಿಯ ಮರಕ್ಕೆ ಅದರದೇ ಜಾತಿಯ ಕಣಜ. ಆಲದ ಕಣಜ ಅತ್ತಿಗೆ ಆಗದು, ಅತ್ತಿಯದು ಅರಳಿಗೆ ಆಗದು. ಆ ಕಣಜವಿಲ್ಲದ ಊರಿನಲ್ಲಿ ಮರ ಎಷ್ಟೇ ಸೊಂಪಾಗಿ ಬೆಳೆದರೂ ಅದರ ಬೀಜ ಜೊಳ್ಳು. ಈಗ ಯುರೋಪಿನಲ್ಲೋ ಅಮೆರಿಕದ ಚಳಿ ಸೀಮೆಯಲ್ಲೋ ಕಿಟಕಿಯ ಪಕ್ಕ ಫೈಕಸ್ ಇಟ್ಟುಕೊಂಡು ಬೋನ್ಸಾಯ್ ಪುಸ್ತಕ ಬರೆಯುವವರನ್ನು ನೆನೆಯಿರಿ. ಅವರ ಮನೆಯ ಗಿಡಕ್ಕೆ ಕಣಜ ಎಲ್ಲಿಂದ ಬರಬೇಕು? ಬೀಜದಿಂದ ಆಗದು, ಕಡ್ಡಿ ನೆಡಿ ಎಂದು ಅವರು ಬರೆದರೆ ಅದು ಅವರ ಮಟ್ಟಿಗೆ ಪ್ರಾಮಾಣಿಕ ಮಾತು. ಅದನ್ನು ಓದಿ ನಾವು ಅಶ್ವತ್ಥಕಟ್ಟೆಯ ಮೇಲೆ ಕೂತು, ಹಣ್ಣು ಉದುರುತ್ತಿರುವ ಮರದ ಕೆಳಗೆ, ಅದೇ ಮಾತನ್ನು ಒಪ್ಪಿಸುತ್ತಿದ್ದೇವೆ.

ಕಣಜ ಬಂದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲೇ ಸಾಕ್ಷಿಯಿದೆ. ಕ್ಯಾಲಿಫೋರ್ನಿಯಾದಲ್ಲಿ ಇದೇ ಕುಲದ ತುರ್ಕಿಯ ಸ್ಮಿರ್ನಾ ಅಂಜೂರ ನೆಟ್ಟ ರೈತರು ಹಲವು ವರ್ಷ ಕಾಯಿ ಉದುರುವುದನ್ನೇ ನೋಡಿದರು. 1899ರಲ್ಲಿ ಕಣಜವನ್ನು ತಂದು ನೆಲೆಗೊಳಿಸಿದ ಮೇಲೆ ಆ ತೋಟಗಳಲ್ಲಿ ಫಸಲು ಕೈಗೆ ಹತ್ತಿತು. ಹವಾಯಿ ದ್ವೀಪಗಳ ಕಥೆ ಇನ್ನೂ ಸೊಗಸು. ಬೋನ್ಸಾಯ್ ಮಂದಿ ರೆಟೂಸಾ ಎಂದು ಕರೆಯುವ ಫೈಕಸ್ ಮೈಕ್ರೊಕಾರ್ಪಾ ಮರಗಳನ್ನು ಬೀಜದಿಂದ ಹೆಚ್ಚಿಸಬೇಕೆಂದೇ 1938ರಲ್ಲಿ ಅದರ ಕಣಜವನ್ನು ಅಲ್ಲಿಗೆ ಒಯ್ದರು. ಈಗ ಅಲ್ಲಿ ಅದು ಗೋಡೆ, ಸೇತುವೆ, ಬೇರೆ ಮರಗಳ ಕವಲು ಎಲ್ಲೆಂದರಲ್ಲಿ ಹುಟ್ಟಿ, ಅದನ್ನು ಹತೋಟಿಗೆ ತರುವುದೇ ಕೆಲಸವಾಗಿದೆ. ನಮಗೆ ಈ ಕಣಜಗಳನ್ನು ಯಾರೂ ತಂದುಕೊಡಬೇಕಾಗಿಲ್ಲ. ಮರವಿದ್ದಲ್ಲೇ ಅವು ಇವೆ. ಆ ಸೌಭಾಗ್ಯದ ಬೆಲೆ ತಿಳಿಯದೆ, ಅದಿಲ್ಲದವರ ಸಲಹೆಗೆ ತಲೆಯಾಡಿಸುತ್ತಿದ್ದೇವೆ.

ಈ ಕೆಟ್ಟ ಹೆಸರಿಗೆ ಇನ್ನೊಂದು ಮೂಲ ಜಪಾನಿನ ಪೈನ್. ಬೀಜದಿಂದ ಹುಟ್ಟಿದ ಕಪ್ಪು ಪೈನ್ ಹದಕ್ಕೆ ಬರಲು ದಶಕಗಳು ಬೇಕು ಎಂಬುದು ನಿಜ. ಚಳಿಗಾಲದಲ್ಲಿ ಅದು ಮಲಗುತ್ತದೆ, ವರ್ಷಕ್ಕೆ ಕೆಲವೇ ತಿಂಗಳು ಬೆಳೆಯುತ್ತದೆ. ತಮಾಷೆ ಏನೆಂದರೆ, ಅಷ್ಟು ನಿಧಾನದ ಮರವನ್ನೂ ಜಪಾನೀಯರು ಬೀಜದಿಂದಲೇ ಬೆಳೆಸುತ್ತಾರೆ. ಬೀಜದಿಂದ ಎಬ್ಬಿಸಿದ ಗಿಡಕ್ಕೆ ಅಲ್ಲಿ ‘ಮಿಶೋ’ ಎಂಬ ಪ್ರತ್ಯೇಕ ಹೆಸರಿದೆ, ಅದಕ್ಕೊಂದು ಮರ್ಯಾದೆಯೂ ಇದೆ. ಜಪಾನಿನ ಹೆಸರು ಹೇಳಿಕೊಂಡು ಬೀಜವನ್ನು ಹಳಿಯುವವರು ಜಪಾನನ್ನೂ ಸರಿಯಾಗಿ ಓದಿಲ್ಲ ಎಂದಾಯಿತು.

ಮೂರನೆಯದು ತೋಟಗಾರಿಕೆಯ ಪಾಠ. ಅಂಜೂರವನ್ನು ಬೀಜದಿಂದ ಬೆಳೆಸಬೇಡಿ ಎಂದು ತೋಟದವರು ಹೇಳುತ್ತಾರೆ. ಸರಿಯಾದ ಮಾತೇ. ತಾಯಿಮರದ ರುಚಿ ಮಗುವಿಗೆ ಬರುವ ಖಾತ್ರಿಯಿಲ್ಲ, ಸಸಿಗಳಲ್ಲಿ ಸುಮಾರು ಅರ್ಧ ತಿನ್ನಲು ಬಾರದ ಗಂಡು ಅಂಜೂರಗಳಾಗುತ್ತವೆ. ಹಾಗಾಗಿ ಶ್ರೀರಂಗಪಟ್ಟಣದ ಗಂಜಾಂ ಕಡೆಯ ಅಂಜೂರವಾಗಲಿ ಬಳ್ಳಾರಿ ಕಡೆಯದಾಗಲಿ ಕಡ್ಡಿಯಿಂದಲೇ ಬೆಳೆದದ್ದು. ಆದರೆ ಬೋನ್ಸಾಯ್ ಮಾಡುವವನಿಗೆ ಹಣ್ಣಿನ ರುಚಿ ಕಟ್ಟಿಕೊಂಡು ಏನಾಗಬೇಕು? ಅವನಿಗೆ ಬೇಕಾದ್ದು ಬುಡ, ತೊಗಟೆ, ಕೊಂಬೆ, ಎಲೆ. ಗಂಡು ಅಂಜೂರದ ಬುಡ ಹೆಣ್ಣಿನದಕ್ಕಿಂತ ಯಾವುದರಲ್ಲೂ ಕಡಿಮೆಯಿಲ್ಲ. ದಿನಸಿ ಅಂಗಡಿಯಲ್ಲಿ ಸಿಗುವ ತುರ್ಕಿಯ ಒಣ ಅಂಜೂರ ಕಣಜ ಹೊಕ್ಕು ಹಣ್ಣಾದದ್ದು. ಅದರೊಳಗಿನ ಬೀಜ ಹಲವು ಸಲ ಮೊಳೆಯುತ್ತದೆ. ಕಣಜದ ಹಂಗಿಲ್ಲದೆ ಹಣ್ಣಾಗುವ ತಳಿಗಳ ಬೀಜ ಮಾತ್ರ ಟೊಳ್ಳು. ಮಕ್ಕಳಿರುವ ಮನೆಯಲ್ಲಿ ನೆನೆಸಿ ಬಿತ್ತಿ ನೋಡಬಹುದಾದ ಸಂಗತಿ ಇದು.

ಈಗ ನನ್ನ ಮುಖ್ಯ ದೂರಿಗೆ ಬರುತ್ತೇನೆ. ಬೀಜವನ್ನು ಹೀಗಳೆಯುವವರು ಮೆಚ್ಚಿ ಮುದ್ದಿಸುವ ಗಿಡಗಳು ಬೀಜದಿಂದ ಹುಟ್ಟಿದವು, ಅದು ಅವರಿಗೆ ಗೊತ್ತಿಲ್ಲ. ಮಾಲ್‌ಗಳಲ್ಲಿ, ಆನ್‌ಲೈನ್ ಅಂಗಡಿಗಳಲ್ಲಿ ‘ಜಿನ್‌ಸೆಂಗ್ ಫೈಕಸ್’ ಎಂಬ ಹೆಸರಿನಲ್ಲಿ ಮಾರುವ ಗಿಡ ನೋಡಿರುತ್ತೀರಿ. ಗೆಣಸಿನಂಥ ಎರಡು ಮೂರು ದಪ್ಪ ಬೇರುಗಳ ಮೇಲೆ ಒಂದು ಪುಟ್ಟ ಹಸಿರು ಟೋಪಿ. ಇವು ಬಹುಪಾಲು ಚೀನಾದ ಫುಜಿಯಾನ್ ಪ್ರಾಂತ್ಯದ ಝಾಂಗ್‌ಝೌ ಸುತ್ತಿನ ಹೊಲಗಳಲ್ಲಿ ತಯಾರಾಗುವ ಸರಕು. ಅಲ್ಲಿ ಮೈಕ್ರೊಕಾರ್ಪಾ ಬೀಜವನ್ನು ರಾಶಿ ಬಿತ್ತಿ, ಸಸಿಗಳನ್ನು ನೆಲದಲ್ಲಿ ಕೊಬ್ಬಿಸಿ, ಬೇರು ಗೆಡ್ಡೆಗಟ್ಟಿದ ಮೇಲೆ ಕಿತ್ತು, ತಲೆ ಕತ್ತರಿಸಿ, ಅದರ ಮೇಲೆ ಸಣ್ಣ ಎಲೆಯ ತಳಿಯನ್ನು ಕಸಿ ಕಟ್ಟುತ್ತಾರೆ. ಆ ಗೆಡ್ಡೆ ಕಡ್ಡಿ ನೆಟ್ಟರೆ ಬರುವುದಲ್ಲ. ಬೀಜದಳದ ಕೆಳಗಿನ ಭಾಗ ಮತ್ತು ಮೊದಲ ಬೇರು ಸೇರಿ ಊದಿಕೊಂಡದ್ದು ಅದು. ಬಂಡೆಯ ಮೇಲೋ ಬೇರೆ ಮರದ ಕವಲಿನಲ್ಲೋ ಮೊಳೆತು, ಮಣ್ಣಿಲ್ಲದೆ ಬೇಸಿಗೆ ಕಳೆಯಬೇಕಾದ ಸಸಿ ನೀರು ಕೂಡಿಟ್ಟುಕೊಳ್ಳುವ ಕ್ರಮ. ಒಂದು ದೇಶ ಈ ಬೀಜವನ್ನು ನಂಬಿ ವ್ಯಾಪಾರ ಬೆಳೆಸಿದೆ. ನಾವು ಅದರ ಗಿರಾಕಿಗಳಾಗಿ, ಸಾವಿರಾರು ರೂಪಾಯಿ ತೆತ್ತು ತಂದು, ‘ಫೈಕಸ್‌ಗೆ ಬೀಜ ನಡೆಯೋಲ್ಲ’ ಎಂದು ಅದರ ಮುಂದೆಯೇ ಪಾಠ ಮಾಡುತ್ತೇವೆ.

ಗೋಡೆಯಿಂದ ಕಿತ್ತ ಅರಳಿಯ ಕಥೆಯೂ ಇದೇ. ಪ್ರದರ್ಶನದಲ್ಲಿ ಬಹುಮಾನ ಹೊಡೆಯುವ ಅರಳಿ, ಗೋಣಿಗಳಲ್ಲಿ ಹಲವು ಹಳೆಯ ಕಟ್ಟಡ ಒಡೆಯುವಾಗ ಬಿಡಿಸಿ ತಂದವು. ಏನು ಬುಡ, ಏನು ಬೇರಿನ ಹರಹು ಎಂದು ಎಲ್ಲರೂ ಬಾಗಿ ನೋಡುತ್ತಾರೆ. ಆ ಬುಡವೂ ಬೀಜದ ಕೊಡುಗೆಯೇ. ಗೋಡೆಯ ಸಂದಿ ಅದಕ್ಕೆ ಕುಂಡವಾಯಿತು, ಹಕ್ಕಿ ಅದನ್ನು ಬಿತ್ತಿತು, ಅಷ್ಟೇ. ಹಕ್ಕಿ ಮಾಡಿದರೆ ಅದ್ಭುತ, ಮನುಷ್ಯ ಮಾಡಿದರೆ ಕಾಲಹರಣ ಎಂಬ ನ್ಯಾಯ ನನಗೆ ಅರ್ಥವಾಗುವುದಿಲ್ಲ.

ಬೋನ್ಸಾಯ್ ಬಲ್ಲವರು ಗಿಡದ ಎದುರು ನಿಂತಾಗ ಮೊದಲು ನೋಡುವುದು ನೆಬಾರಿಯನ್ನು, ಅಂದರೆ ಕಾಂಡ ಮಣ್ಣಿಗಿಳಿಯುವ ಕಡೆ ಸುತ್ತಲೂ ಹರಡಿದ ಬೇರುಗಳನ್ನು. ಕೊಂಬೆ ತಪ್ಪಿದರೆ ಇನ್ನೊಂದು ಬೆಳೆಸಬಹುದು, ಎಲೆ ದೊಡ್ಡದಾದರೆ ಉದುರಿಸಿ ಚಿಕ್ಕದು ಮಾಡಬಹುದು, ಬುಡ ಕೆಟ್ಟರೆ ಸುಲಭದ ದಾರಿಯಿಲ್ಲ. ಬುಡವನ್ನು ಹುಟ್ಟಿನಿಂದಲೇ ರೂಪಿಸುವ ಅವಕಾಶ ಬೀಜದ ಸಸಿಗಿದ್ದಷ್ಟು ಇನ್ನಾವುದಕ್ಕೂ ಇಲ್ಲ. ನಾಲ್ಕೆಂಟು ಎಲೆ ಬಂದ ಗೋಣಿ ಸಸಿಯನ್ನು ತಟ್ಟೆಯಿಂದ ಎತ್ತಿ ತೊಳೆಯಿರಿ. ದಾರದಂಥ ತಾಯಿಬೇರು ನೆಟ್ಟಗೆ ಇಳಿದಿರುತ್ತದೆ, ಅದರ ಕತ್ತಿನಿಂದ ಕೂದಲೆಳೆಯ ಪಕ್ಕಬೇರುಗಳು. ಹೊಸ ಬ್ಲೇಡಿನಿಂದ ಆ ತಾಯಿಬೇರನ್ನು ಮೇಲ್ಭಾಗದಲ್ಲೇ ಕತ್ತರಿಸಿದರೆ ಸಾಸಿವೆಯಷ್ಟು ಹಾಲು ಜಿನುಗಿ ನಿಲ್ಲುತ್ತದೆ. ಉಳಿದ ಪಕ್ಕಬೇರುಗಳನ್ನು ಒಂದು ಹೆಂಚಿನ ಚೂರಿನ ಮೇಲೆ ಕಿರಣಗಳ ಹಾಗೆ ಹರವಿ, ಮೇಲೆ ಮಣ್ಣು ಉದುರಿಸಿ, ನೆರಳಲ್ಲಿಡಿ. ಕೆಳಗಿಳಿಯಲು ಹೆಂಚು ಬಿಡುವುದಿಲ್ಲ, ಬೇರು ಪಕ್ಕಕ್ಕೇ ಓಡಬೇಕು. ಪೈನ್ ಸಸಿಗಳಿಗೆ ಜಪಾನಿನಲ್ಲಿ ಬೀಜದಳದ ಕೆಳಗೇ ಕತ್ತರಿಸಿ ಮತ್ತೆ ಬೇರು ಬರಿಸುತ್ತಾರೆ. ಪೈನ್ ಆ ಗಾಯಕ್ಕೆ ಎಷ್ಟೋ ಸಲ ಸಾಯುತ್ತದೆ, ನಮ್ಮ ಗೋಣಿ, ಬಸರಿಗಳು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಅದೇ ವಾರದಲ್ಲಿ ಎಳೆಯ ಕಾಂಡಕ್ಕೆ ತೆಳ್ಳಗಿನ ಅಲ್ಯೂಮಿನಿಯಂ ತಂತಿ ಸುತ್ತಿ ಬೇಕಾದ ಕಡೆ ಬಾಗಿಸಬಹುದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮವರು ಮಕ್ಕಳ ವಿಷಯದಲ್ಲಿ ಹೇಳಿದ್ದನ್ನು ಇಲ್ಲಿ ಅಕ್ಷರಶಃ ಪಾಲಿಸಬಹುದು.

ಇದರ ಎದುರಿಗೆ ಕಡಿದು ನೆಟ್ಟ ಕೊಂಬೆಯನ್ನು ಇಡಿ. ಆಲದ ತೋಳುಗಾತ್ರದ ತುಂಡೂ ಚಿಗುರುತ್ತದೆ, ಒಪ್ಪಿದೆ. ಆದರೆ ಅದು ಬುಡದಿಂದ ತುದಿಯವರೆಗೆ ಒಂದೇ ದಪ್ಪದ ಕೊಳವೆ. ಕಡಿದ ಬಾಯಿಯ ಒಂದು ಮಗ್ಗುಲಲ್ಲಿ ಪೊರಕೆಯಂತೆ ಬೇರು ಒತ್ತೊತ್ತಾಗಿ ಬರುತ್ತದೆ, ಇನ್ನೊಂದು ಮಗ್ಗುಲು ಬೋಳು. ನಡುವಿನ ಕಟ್ಟಿಗೆ ಮುಚ್ಚಿಕೊಳ್ಳದೆ ಕೊಳೆಯಲು ಕಾದಿರುತ್ತದೆ. ಅದರ ಮೇಲೆ ನಾಲ್ಕು ಕೊಂಬೆ ಎಬ್ಬಿಸಿ ಎಲೆ ತುಂಬಿಸಿದರೆ ದೂರದಿಂದ ಬೋನ್ಸಾಯ್, ಹತ್ತಿರ ಹೋದರೆ ನೆಟ್ಟ ಗೂಟ. ಕೇತೋಹಳ್ಳಿಯ ದೊಡ್ಡ ಆಲದ ಮರದಡಿ ಫೋಟೊ ತೆಗೆಸಿಕೊಂಡು ಬಂದು ಮನೆಯಲ್ಲಿ ಗೂಟ ನೆಡುವವರು ಅಲ್ಲಿ ನೋಡಿದ್ದಾದರೂ ಏನನ್ನು?

ಗೂಟಿ ಕಟ್ಟುವವರ ವಾದಕ್ಕೆ ಇದಕ್ಕಿಂತ ಬಲವಿದೆ, ಅದನ್ನು ಮುಚ್ಚಿಡುವುದಿಲ್ಲ. ತೊಗಟೆ ಸುಲಿದ ಉಂಗುರದ ಸುತ್ತ ಬೇರು ಚೆನ್ನಾಗಿಯೇ ಬರುತ್ತದೆ, ಫೈಕಸ್‌ನಲ್ಲಂತೂ ಕೆಲವೇ ವಾರದಲ್ಲಿ. ಕೆಟ್ಟ ಬುಡದ ಗಿಡವನ್ನು ಸರಿಪಡಿಸಲು ಅದೇ ಒಳ್ಳೆಯ ಉಪಾಯ. ಒಳ್ಳೆಯ ತಳಿಯೊಂದರ ತದ್ರೂಪು ಬೇಕಿದ್ದರೂ ಗೂಟಿ ಅಥವಾ ಕಡ್ಡಿಯೇ ದಾರಿ. ನನ್ನ ತಕರಾರು ಆ ವಿಧಾನಗಳ ಮೇಲಲ್ಲ. ಅವು ಮಾತ್ರ ದಾರಿ, ಬೀಜ ದಾರಿಯೇ ಅಲ್ಲ ಎಂಬ ದರ್ಪದ ಮೇಲೆ. ಅಲ್ಲದೆ ಗೂಟಿ ಕಟ್ಟಿದ ಕೊಂಬೆ ಕೊಂಬೆಯೇ. ಬೆಳಕಿಗಾಗಿ ಓಡಿ ಉದ್ದವಾದದ್ದು, ಕೆಳಗೆ ಕವಲಿಲ್ಲದ್ದು. ಅದಕ್ಕೆ ಮರದ ನಿಲುವು ಕಲಿಸಲು ಮತ್ತೆ ಕತ್ತರಿಸಿ, ಕಾದು, ಕತ್ತರಿಸಿ ವರ್ಷಗಳು ಹೋಗುತ್ತವೆ. ಆ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯದೆ ಬೀಜದ ವರ್ಷಗಳನ್ನಷ್ಟೇ ಎಣಿಸುವುದು ಯಾವ ಲೆಕ್ಕಾಚಾರ?

ಕಾಲದ ಮಾತಿಗೆ ಬಂದರೆ, ಮೊದಲ ಆರೆಂಟು ತಿಂಗಳು ಬೀಜದ ಸಸಿ ನಿಜಕ್ಕೂ ತಾಳ್ಮೆ ಕೆಡಿಸುತ್ತದೆ. ಬೆರಳಿನ ಗಣ್ಣಷ್ಟು ಎತ್ತರದಲ್ಲೇ ನಿಂತುಬಿಟ್ಟಿರುತ್ತದೆ. ಉಪದೇಶಕರು ನೋಡಿರುವುದು ಇಷ್ಟನ್ನೇ. ಎರಡನೆಯ ಮಳೆಗಾಲದಲ್ಲಿ ಕೆಮ್ಮಣ್ಣು, ಗೊಬ್ಬರದ ಮಡಿಗೆ ಇಳಿಸಿ, ಪೂರ್ತಿ ಬಿಸಿಲು ಕೊಟ್ಟು, ತಲೆ ಸವರದೆ ಓಡಲು ಬಿಟ್ಟರೆ ಅದು ಬೇರೆಯೇ ಗಿಡ. ನಮ್ಮಲ್ಲಿ ಹಿಮವಿಲ್ಲ. ಅರಳಿ, ಬಸರಿಗಳು ಎಲೆ ಉದುರಿಸುವ ಚಿಕ್ಕ ಅವಧಿ ಬಿಟ್ಟರೆ ವರ್ಷವಿಡೀ ಚಿಗುರು. ಗೋಣಿ, ಬಸರಿಗಳ ಕಾಂಡ ನೆಲದಲ್ಲಿ ನಾಲ್ಕೈದು ಮಳೆಗಾಲಕ್ಕೆ ಮುಂಗೈ ದಪ್ಪವಾಗುವುದು ಏನೂ ಅಪರೂಪವಲ್ಲ. ಪೈನ್‌ನ ಮೂವತ್ತು ವರ್ಷದ ಗಾಬರಿಯನ್ನು ಇಂಥ ಮರಕ್ಕೆ ಯಾಕೆ ಅಂಟಿಸಬೇಕು?

ಇನ್ನೂ ಬೇಗ ಬೇಕೆನ್ನುವವರಿಗೆ ಈ ಜಾತಿಯಲ್ಲೇ ಒಂದು ಗುಣವಿದೆ. ಎರಡು ಕಾಂಡ ಒತ್ತಿಕೊಂಡರೆ ಬೆಸೆದುಬಿಡುತ್ತವೆ. ತಾಳೆಮರವನ್ನು ಆಲ ತಬ್ಬಿ ನುಂಗುವುದು ಈ ಗುಣದಿಂದಲೇ. ಪನಾಮಾದ ಕಾಡಿನಲ್ಲಿ ಇಂಥ ಮರಗಳ ವಂಶವಾಹಿಗಳನ್ನು ಪರೀಕ್ಷಿಸಿ 1991ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ ಫಲಿತಾಂಶ ಬೆರಗು ಹುಟ್ಟಿಸಿತ್ತು: ಒಂದೇ ಮರ ಎಂದು ಕಂಡದ್ದು ಹಲವು ಬೀಜಗಳಿಂದ ಹುಟ್ಟಿ ಬೆಸೆದುಕೊಂಡ ಹಲವು ಮರ. ಒಂದು ಹಿಡಿ ಸಸಿಗಳನ್ನು ಒಟ್ಟಿಗೆ ಬಾಳೆನಾರಿನಿಂದಲೋ ಟೇಪಿನಿಂದಲೋ ಬಿಗಿದರೆ ಕುಂಡದಲ್ಲೂ ಅದೇ ನಡೆಯುತ್ತದೆ. ಕೆಲವು ವರ್ಷದಲ್ಲಿ ಒಂದೇ ಕಾಂಡ. ಒಂದೊಂದು ಕೊಂಬೆಯ ಎಲೆ ಒಂದೊಂದು ಅಳತೆಗೆ ಬರಬಹುದು ಎಂಬ ಕೊರತೆಯಿದೆ. ಹಾಗಾಗದಂತೆ ಎಲೆ ಹೋಲುವ ಸಸಿಗಳನ್ನೇ ಆರಿಸಿಕೊಂಡು ಕಟ್ಟಬೇಕು.

ಎಲೆ ಹೋಲುವುದಿಲ್ಲ ಎಂಬ ಈ ಸಂಗತಿಯೇ ಬೀಜದ ವಿರುದ್ಧ ಎತ್ತುವ ಕೊನೆಯ ಆಕ್ಷೇಪ. ‘ಏನು ಬರುತ್ತದೋ ಹೇಳಲಾಗದು.’ ನಾನು ಬೀಜ ಬಿತ್ತುವುದು ಅದಕ್ಕಾಗಿಯೇ. ಒಂದೇ ಅರಳಿಯ ಹಣ್ಣಿನಿಂದ ಎದ್ದ ಸಸಿಗಳನ್ನು ಸಾಲಾಗಿ ಇಟ್ಟು ನೋಡಿ. ಒಂದರ ಚಿಗುರು ತಾಮ್ರ, ಇನ್ನೊಂದರದು ಗುಲಾಬಿ. ಒಂದು ಗಣ್ಣಿಗೆ ಗಣ್ಣು ಹತ್ತಿರವಿಟ್ಟು ಗಿಡ್ಡಗೆ ಬೆಳೆಯುತ್ತದೆ, ಪಕ್ಕದ್ದು ಬಳ್ಳಿಯಂತೆ ಓಡುತ್ತದೆ. ಎಲೆಯ ಬಾಲ ಒಂದಕ್ಕೆ ಉದ್ದ, ಒಂದಕ್ಕೆ ಮೊಂಡು. ಅರಳಿ ಬೋನ್ಸಾಯ್‌ಗೆ ಒಗ್ಗದ ಮರ, ಎಲೆ ದೊಡ್ಡದು, ಗಣ್ಣು ದೂರ ಎಂಬ ದೂರು ಹಳೆಯದು. ಆ ದೂರಿಗೆ ಪರಿಹಾರ ಈ ಸಾಲಿನಲ್ಲೇ ಇದೆ, ಆರಿಸುವ ಕಣ್ಣು ಬೇಕು. ನಾವು ನರ್ಸರಿಯಲ್ಲಿ ಕೊಳ್ಳುವ ‘ಟೈಗರ್ ಬಾರ್ಕ್’, ‘ಗ್ರೀನ್ ಐಲ್ಯಾಂಡ್’ ಎಲ್ಲ ಹೊರದೇಶದಲ್ಲಿ ಯಾರೋ ಹೀಗೆ ಗಿಡಗಳ ನಡುವಿನ ವ್ಯತ್ಯಾಸ ಗಮನಿಸಿ, ಎತ್ತಿಟ್ಟು, ಹೆಸರಿಟ್ಟದ್ದು. ಗೋಣಿ, ಬಸರಿ, ಅತ್ತಿ ನಮ್ಮ ಊರೂರಿನ ಮರಗಳು. ಅವುಗಳಲ್ಲಿ ಬೋನ್ಸಾಯ್‌ಗೆಂದು ಆರಿಸಿದ ಒಂದು ತಳಿಯನ್ನು ನಮ್ಮ ನರ್ಸರಿಗಳಲ್ಲಿ ನಾನು ಈವರೆಗೆ ಕಂಡಿಲ್ಲ. ಎಲ್ಲರೂ ಒಂದೇ ಗಿಡದ ಕಡ್ಡಿಯನ್ನು ಹಂಚಿಕೊಳ್ಳುತ್ತ ಕೂತರೆ ಕಾಣುವುದಾದರೂ ಹೇಗೆ? ಪ್ರದರ್ಶನದ ಫೈಕಸ್ ಸಾಲು ಒಂದೇ ಅಚ್ಚಿನ ಬೊಂಬೆಗಳಂತೆ ಕಾಣುವುದಕ್ಕೆ ಕಾರಣ ಬೇರೆಯಿಲ್ಲ. ಎಲೆ ಮಡಚುವ ಥ್ರಿಪ್ಸ್ ಬಂದ ವರ್ಷ ಅವೆಲ್ಲ ಒಟ್ಟಿಗೇ ಮುದುಡುವುದಕ್ಕೂ ಅದೇ ಕಾರಣವಿದ್ದೀತು.

ಬೀಜ ಬೇಡ ಎಂಬ ಉಪದೇಶದಿಂದ ಲಾಭ ಯಾರಿಗೆ ಎಂದೂ ಕೇಳಬೇಕು. ಬೀಜಕ್ಕೆ ಬೆಲೆಯಿಲ್ಲ, ರಸ್ತೆಯಲ್ಲಿ ಬಿದ್ದಿರುತ್ತದೆ. ದಪ್ಪ ಕಾಂಡಕ್ಕೆ ಬೆಲೆಯಿದೆ. ತರಬೇತಿ ಕೊಡುವವರೇ ಗಿಡ, ಕುಂಡ, ತಂತಿ ಮಾರುವ ಕಡೆ, ‘ಹೋಗಿ ಅರಳಿ ಹಣ್ಣು ಆರಿಸಿಕೊಂಡು ಬನ್ನಿ’ ಎಂಬ ಪಾಠ ಯಾಕೆ ಬರಬೇಕು? ಎಲ್ಲರೂ ದುಡ್ಡಿಗಾಗಿಯೇ ಹೇಳುತ್ತಾರೆ ಎನ್ನುವುದಿಲ್ಲ. ಆದರೆ ಒಂದು ಮಾತು ವ್ಯಾಪಾರಕ್ಕೂ ಅನುಕೂಲ, ಸೋಮಾರಿತನಕ್ಕೂ ಅನುಕೂಲ ಎಂದಾದಾಗ ಅದನ್ನು ಪರೀಕ್ಷಿಸುವವರು ಕಡಿಮೆಯಾಗುತ್ತಾರೆ. ಇನ್ನು ವಾಸ್ತು ಹೇಳಿ ಅರಳಿ, ಆಲ ಮನೆಯಲ್ಲಿರಬಾರದು ಎನ್ನುವವರ ಜೊತೆ ನನಗೆ ಜಗಳವಿಲ್ಲ. ಅವರು ಕಡ್ಡಿಯನ್ನೂ ಬೇಡ ಎನ್ನುತ್ತಾರೆ, ಬೀಜವನ್ನೂ ಬೇಡ ಎನ್ನುತ್ತಾರೆ, ಕನಿಷ್ಠ ಪಕ್ಷಪಾತವಿಲ್ಲ.

ಬೋನ್ಸಾಯ್ ಸಂಘಗಳಿಗೆ, ಲಾಲ್‌ಬಾಗ್ ಮತ್ತಿತರ ಕಡೆ ಪ್ರದರ್ಶನ ಏರ್ಪಡಿಸುವವರಿಗೆ ನನ್ನದೊಂದು ಕೋರಿಕೆ. ಕುಂಡದ ಮುಂದೆ ಇಡುವ ಚೀಟಿಯಲ್ಲಿ ಮರದ ಹೆಸರು, ವಯಸ್ಸು ಬರೆಯುತ್ತೀರಿ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಬೀಜದ್ದೋ, ಕಡ್ಡಿಯದೋ, ಗೂಟಿಯದೋ, ಗೋಡೆಯಿಂದ ಕಿತ್ತದ್ದೋ. ಬೀಜದಿಂದ ಬೆಳೆಸಿದ ನಮ್ಮ ಆಲ, ಅರಳಿ, ಅತ್ತಿ, ಬಸರಿ, ಗೋಣಿಗಳಿಗೆಂದೇ ಒಂದು ಬಹುಮಾನವಿಡಿ, ಐದು ವರ್ಷದೊಳಗಿನ ಗಿಡಕ್ಕೆ ಒಂದು, ಹತ್ತು ವರ್ಷದೊಳಗಿನದಕ್ಕೆ ಇನ್ನೊಂದು. ಮೊದಲ ಒಂದೆರಡು ವರ್ಷ ಆ ಮೇಜು ಬಡವಾಗಿ ಕಂಡೀತು. ಆದರೂ ಅದನ್ನು ತೆಗೆಯಬೇಡಿ.